ಒರಿಜಿನಲ್ ಮಾವನ ಹಿಂದಿನ ದೀಪ

ಆ ಬೀದಿಯಲ್ಲಿ ಮಾವನ ಹೆಸರು ಒರಿಜಿನಲ್. ಮರೆಯಲ್ಲಿ ಕರೆದರೂ ಅಷ್ಟೆ, ಮುಖದೆದುರೇ ಕರೆದರೂ ಅಷ್ಟೆ, ಅವನಿಗೆ ಬೇಜಾರಿಲ್ಲ; ಸರ್ಕಾರವೇ ಕರೆದು ಕೊಟ್ಟ ಬಿರುದೆಂಬಂತೆ ತಲೆದೂಗಿ ಸ್ವೀಕರಿಸುತ್ತಿದ್ದ. ಹೊಟ್ಟೆಪಾಡಿಗೆ ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ಓದುವ ಕೆಲಸ. ಕೈಯಲ್ಲೊಂದು ಟಾರ್ಚು ಹಿಡಿದು ಕಂಡವರ ಮನೆಯ ಮೆಟ್ಟಿಲ ಕೆಳಗೆ, ಹಿತ್ತಿಲ ಗುಂಡಿಯೊಳಗೆ ತಲೆ ತೂರಿಸಿ, ಮಂಜು ಹಿಡಿದ ಗಾಜಿನ ಹಿಂದಿರುವ ಅಂಕಿಗಳನ್ನು ಓದುತ್ತ ಆಯುಷ್ಯದ ಮುಕ್ಕಾಲು ಭಾಗ ಸವೆಸಿದವ. ಇಂಥ ಮನುಷ್ಯನಿಗೆ ಕತ್ತಲಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದಾದರೂ ತಿಳಿದಿರಬೇಕಿತ್ತು. ತಿಳಿದಿರಲಿಲ್ಲ. ಅಥವಾ ಆ ತಿಳಿವಳಿಕೆಯನ್ನು ಟಾರ್ಚಿನ ಜೊತೆ ಕಚೇರಿಯ ಬೀರುವಿನಲ್ಲೇ ಇಟ್ಟು ಮನೆಗೆ ಬರುತ್ತಿದ್ದ.

ಮನೆಯಲ್ಲಿದ್ದದ್ದು ಅವನಿಗಿಂತ ವಯಸ್ಸಾದ ಒಂದು ಕಾರು. ಅದರಲ್ಲಿ ಕಂಪನಿಯಿಂದ ಹೊರಬಿದ್ದ ದಿನ ಇಲ್ಲದ ಒಂದು ಮೊಳೆಯೂ ಈಗ ಇರಬಾರದು ಎಂಬುದು ಅವನ ಶಪಥ. ಸೀಟಿನ ಸ್ಪ್ರಿಂಗು ಕೂತವರ ತೊಡೆಗೆ ಚುಚ್ಚಿದರೆ ಅದು ಒರಿಜಿನಲ್ ಸ್ಪ್ರಿಂಗು, ಚುಚ್ಚಿಸಿಕೊಳ್ಳಬೇಕು. ಕಿಟಕಿ ಇಳಿಸಿದ್ದು ಏರದಿದ್ದರೆ ಅದು ಒರಿಜಿನಲ್ ಹಿಡಿಕೆ, ನೆನೆಯಬೇಕು. ಕಾರಿನ ಹೊರಮೈಯಲ್ಲಿ ಎಲ್ಲೆಲ್ಲಿ ಸ್ಕ್ರೂ ಇದೆಯೋ ಅವುಗಳ ತಲೆಯ ಸೀಳೆಲ್ಲ ಒಂದೇ ದಿಕ್ಕಿಗೆ ನಿಂತಿರುವಂತೆ ತಿರುಗಿಸಿಟ್ಟಿದ್ದ. ರಜೆಯ ದಿನ ಬೆಳಗ್ಗೆ ಅದನ್ನು ನೋಡುತ್ತ ಕಾಫಿ ಕುಡಿಯುವುದೇ ಅವನ ಪಾಲಿನ ಸಂಗೀತ ಕಛೇರಿ. ಹಿಂಭಾಗದಲ್ಲಿ, ಬಂಪರಿನ ಅಕ್ಕಪಕ್ಕ, ಕೋಟಿನ ಗುಂಡಿಯಷ್ಟು ಅಗಲದ ಎರಡು ಕೆಂಪು ಗಾಜುಗಳಿದ್ದವು. ಟೈಲ್ ಲೈಟು, ಬ್ರೇಕ್ ಲೈಟು ಎಲ್ಲವೂ ಅವೇ. ಹಚ್ಚಿದರೆ, ಯಾರೋ ಸೇದಿ ಮುಗಿಸಿ ಇನ್ನೇನು ಬಿಸಾಡಬೇಕು ಎಂದಿರುವ ಸಿಗರೇಟಿನ ತುದಿಯಷ್ಟು ಬೆಳಕು.

ಹಿಂದೇನಾಗುತ್ತಿದೆ ಎಂದು ತಿರುಗಿ ನೋಡುವ ಅಭ್ಯಾಸ ಈ ಮನುಷ್ಯನಿಗೆ ಮೊದಲಿನಿಂದಲೂ ಇಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊರಟವನು, ತಿರುವಿನಲ್ಲಿ ಆಕೆ ಜಾರಿ ಬಿದ್ದದ್ದೂ ಗೊತ್ತಾಗದೆ ಮನೆಯವರೆಗೆ ಮಾತಾಡಿಕೊಂಡೇ ಹೋಗಿದ್ದನಂತೆ. ದಾರಿಯುದ್ದಕ್ಕೂ ಹೇಳಿದ್ದು ಮುಂದೆ ತಾನು ಕೊಳ್ಳಲಿರುವ ಕಾರಿನ ವಿಷಯ. ಅತ್ತೆ ಮೊಣಕಾಲು ತರಚಿಕೊಂಡು ನಡೆದು ಬಂದಾಗ, ಎಲ್ಲಿಯವರೆಗೆ ಕೇಳಿಸಿತು ಎಂದು ವಿಚಾರಿಸಿದನಂತೆ. ಈ ಕತೆಯನ್ನು ಅತ್ತೆ ಯಾರು ಬಂದರೂ ಹೇಳುತ್ತಿದ್ದಳು, ಮಾವ ಪ್ರತಿ ಸಲವೂ ಅದು ಬೇರೆ ಯಾರದೋ ಕತೆ ಎಂಬಂತೆ ನಗುತ್ತಿದ್ದ.

ಆ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದವನು ಮಾವನ ಅಕ್ಕನ ಮಗ. ಅವನಿಗೆ ಪಂಡಿತ ಎಂಬ ಹೆಸರು. ಹೆಸರಿಟ್ಟವಳು ಅತ್ತೆ, ಹೊಗಳಿಕೆಗೆ ಇಟ್ಟದ್ದಲ್ಲ. ವಾಹನಗಳ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನಲ್ಲಿ ಸಂಬಳಕ್ಕೆ ನಿಂತವನು. ಎದೆಯ ಮೇಲೆ ಅಂಗಡಿಯ ಹೆಸರು ಹೊಲಿದ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ನು. ಗಿರಾಕಿ ಬಂದು ಬಲ್ಬು ಕೇಳಿದರೆ ಬಲ್ಬು ಕೊಟ್ಟು ಕಳಿಸುವುದು ಅವನ ಕೆಲಸ. ಅವನೋ, ಬಲ್ಬು ಯಾಕೆ ಹೋಯಿತು, ವೈರಿಂಗಿನಲ್ಲಿ ಏನು ದೋಷ, ಆ ಮೆಕ್ಯಾನಿಕ್ಕಿಗೆ ಏನೇನು ಬರುವುದಿಲ್ಲ ಎಂದು ಗಿರಾಕಿಯನ್ನು ನಿಲ್ಲಿಸಿಕೊಂಡು ವಿವರಿಸುವವನು. ಸ್ವತಃ ಒಂದು ಸ್ಕ್ರೂ ಡ್ರೈವರ್ ಹಿಡಿದು ಏನನ್ನಾದರೂ ಬಿಚ್ಚಿದ್ದುಂಟೋ ಎಂದರೆ, ಮಹಡಿಯ ಸ್ವಿಚ್ ಬೋರ್ಡ್ ಒಮ್ಮೆ ಬಿಚ್ಚಿದ್ದ. ಆಮೇಲೆ ಅದನ್ನು ಮುಚ್ಚಲು ಬೇರೆಯವರು ಬರಬೇಕಾಯಿತು. ತನ್ನ ಪಾಂಡಿತ್ಯದ ತೂಕ ಎಷ್ಟೆಂದು ಅವನಿಗೂ ಒಳಗೊಳಗೆ ಗೊತ್ತಿತ್ತು. ಆದರೆ ಸಂಬಳ ಏರದ ಕಡೆ ಮನುಷ್ಯ ಬಾಯಿಯನ್ನಾದರೂ ಏರಿಸಿಕೊಳ್ಳಬೇಕಲ್ಲ.

ಅತ್ತೆಯದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ವಾರ್ಡುಗಳಲ್ಲಿ ರೋಗಿಗಳು ಏಳುವ ಹೊತ್ತಿಗೆ ಒಗೆದ ಚಾದರಗಳು ತಯಾರಿರಬೇಕಾದ್ದರಿಂದ ಅವಳ ಪಾಳಿ ಬೆಳಕು ಹರಿಯುವ ಮೊದಲೇ ಶುರು. ಹಾಗಾಗಿ ಬೆಳಗಿನ ಜಾವ ಮೂವರೂ ಹೊರಡುತ್ತಿದ್ದರು: ಮುಂದೆ ಮಾವ, ಪಕ್ಕದಲ್ಲಿ ಅತ್ತೆ, ಹಿಂದೆ ಸ್ಪ್ರಿಂಗು ಚುಚ್ಚಿಸಿಕೊಳ್ಳುತ್ತ ಪಂಡಿತ. ಲಾರಿಗಳು ಮೈಮೇಲೆ ಬರುವಂತೆ ಓಡುವ ದೊಡ್ಡ ರಸ್ತೆಯಲ್ಲಿ, ಮಂಜಿನಲ್ಲಿ, ಆ ಎರಡು ಸಿಗರೇಟಿನ ತುದಿಗಳನ್ನು ನಂಬಿಕೊಂಡು.

ಒಂದು ಬೆಳಗ್ಗೆ ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಹಿಂದಿನಿಂದ ಹಾಲಿನ ವ್ಯಾನೊಂದು ಬಂದು ಗುದ್ದಿತು. ದೊಡ್ಡ ಪೆಟ್ಟೇನಲ್ಲ. ಬಂಪರು ಸ್ವಲ್ಪ ಒಳಗೆ ಹೋಯಿತು, ಅತ್ತೆಯ ಕತ್ತು ಸ್ವಲ್ಪ ಮುಂದೆ ಹೋಗಿ ಹಿಂದೆ ಬಂತು. ವ್ಯಾನಿನವನು ಇಳಿದು, ಬೈಯಬೇಕೋ ಕ್ಷಮೆ ಕೇಳಬೇಕೋ ತೋಚದೆ ಕಾರಿನ ಹಿಂಭಾಗವನ್ನೇ ನೋಡುತ್ತ ನಿಂತ.

“ಲೈಟ್ ಹಾಕ್ಕೊಂಡು ನಿಲ್ಸೋದಲ್ವಾ ಯಜಮಾನ್ರೇ,” ಎಂದ.

“ಹಾಕಿದೆಯಲ್ಲಯ್ಯಾ, ಕಣ್ಣು ಕಾಣಲ್ವಾ?” ಎಂದ ಮಾವ.

ವ್ಯಾನಿನವನು ಬಗ್ಗಿ, ಗಾಜಿನ ಮೇಲೆ ಕೈಯನ್ನು ಮರೆ ಹಿಡಿದು ಇಣುಕಿದ. “ಹೌದು, ಇದೆ,” ಎಂದು ಒಪ್ಪಿಕೊಂಡ. “ಪಾಪ.”

ಆ ಪಾಪ ಎಂಬ ಮಾತು ಮಾವನಿಗೆ ಬಂಪರಿಗಿಂತ ಹೆಚ್ಚು ನೋವು ಕೊಟ್ಟಿತು. ಅತ್ತೆಯ ಕತ್ತಿಗೆ ಡಾಕ್ಟರು ದಪ್ಪನೆಯ ಪಟ್ಟಿ ಕಟ್ಟಿ ಕಳಿಸಿದರು. ಅದರೊಳಗಿಂದ ಗಲ್ಲ ಎತ್ತಿಕೊಂಡು, ರಾಣಿಯ ಹಾಗೆ ಎಲ್ಲರನ್ನೂ ಮೇಲಿನಿಂದ ನೋಡುತ್ತ, ಅತ್ತೆ ತೀರ್ಪು ಕೊಟ್ಟಳು. ಹಿಂದಿನ ದೀಪ ಹಿಂದಿನವರಿಗೆ ಕಾಣುವವರೆಗೆ ತಾನು ಆ ಕಾರಿನಲ್ಲಿ ಕೂರುವುದಿಲ್ಲ. ಕಾಣುತ್ತದೋ ಇಲ್ಲವೋ ಎಂದು ಹೇಳಬೇಕಾದವಳು ತಾನು. ಮಾವನೂ ಅಲ್ಲ, ಪಂಡಿತನೂ ಅಲ್ಲ, ಮಾವ ಸೇರಿಕೊಂಡಿದ್ದ ಹಳೆ ಕಾರುಗಳ ಸಂಘದವರಂತೂ ಅಲ್ಲವೇ ಅಲ್ಲ.

ಮರುದಿನದಿಂದ ಇನ್ನೂ ಮುಂಚೆ ಎದ್ದು, ಆ ಕತ್ತಿನಲ್ಲಿ, ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗತೊಡಗಿದಳು. ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತರೆ ಕತ್ತು ಎಳೆಯುತ್ತಿತ್ತು. ಸಂಜೆ ಬಂದವಳು ಬಿಸಿನೀರಿನ ಚೀಲವನ್ನು ಭುಜಕ್ಕಿಟ್ಟುಕೊಂಡು ಗೋಡೆಗೊರಗುತ್ತಿದ್ದಳು, ದೂರು ಹೇಳುತ್ತಿರಲಿಲ್ಲ. ದೂರು ಹೇಳಿದ್ದರೆ ಮಾವ ಎದುರು ಜಗಳವಾಡಿ ಗೆದ್ದಾದರೂ ಗೆಲ್ಲುತ್ತಿದ್ದ. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಕಾರು ಓಡಿಸುವುದು ಅವನಿಗೆ ಆಗಲಿಲ್ಲ. ಉಳಿದ ತೊಂಬತ್ತು ಮಾತು ಹೇಗೇ ಇರಲಿ, ಈ ಕಾರಿನಲ್ಲಿ ನಿನ್ನನ್ನು ಕೂರಿಸಿಕೊಂಡು ಓಡಾಡಿಸುತ್ತೇನೆ ಎಂಬ ಮಾತನ್ನು ಅವನು ನಿಜವಾಗಿ ನಂಬಿ ಹೇಳಿದ್ದ.

ಹಾಗಂತ ಬುದ್ಧಿ ಬಂತೆಂದಲ್ಲ. ಅವನು ಮೊದಲು ಮಾಡಿದ್ದು ದೀಪಕ್ಕೆ ಬಣ್ಣ ಹೊಡೆಸಿದ್ದು. ಹಳೆಯ ಕಾರಿನ ಜನರ ತಲೆಯಲ್ಲಿ ಯಾವ ರೋಗಕ್ಕೂ ಮದ್ದು ಒಂದೇ: ಹೊಳಪು. ದೀಪದ ಬಟ್ಟಲುಗಳನ್ನು ಬಿಚ್ಚಿಸಿ, ಅವು ಕೂರುವ ತಗಡಿನ ಸಮೇತ, ಸ್ಕ್ರೂಗಳ ಸಮೇತ, ಕಾರಿನ ಮೂಲ ಬಣ್ಣವನ್ನೇ ಮಾಡಿಸಿ ಮೂರು ಪದರ ಹೊಡೆಸಿದ. ಮದುವೆ ಹೆಣ್ಣಿನ ಒಡವೆಯಂತೆ ಮಿರಮಿರ ಮಿಂಚುತ್ತಿದ್ದವು. ಸ್ಕ್ರೂಗಳ ಸೀಳನ್ನು ಸರಿಯಾದ ದಿಕ್ಕಿಗೆ ನಿಲ್ಲಿಸಿ, ಸ್ವಿಚ್ಚು ಒತ್ತಿದರೆ, ಇದ್ದ ಸಿಗರೇಟಿನ ತುದಿಯೂ ಆರಿಹೋಗಿತ್ತು.

ಪಂಡಿತ ಗಲ್ಲ ಕೆರೆದುಕೊಂಡು ಬ್ಯಾಟರಿ ಎಂದ. ಬ್ಯಾಟರಿ ಬದಲಾಯಿತು. ವೈರು ಎಂದ. ವೈರು ಬದಲಾಯಿತು, ಅದೂ ಹಳೆಯ ಕಾಲದ ಬಟ್ಟೆ ಸುತ್ತಿದ ವೈರೇ ಆಗಬೇಕೆಂದು ಮಾವ ಹಟ ಹಿಡಿದದ್ದರಿಂದ ಅದನ್ನು ಹುಡುಕುವುದರಲ್ಲೇ ಒಂದು ವಾರ ಹೋಯಿತು. ದೀಪ ಹತ್ತಲಿಲ್ಲ. ಕೊನೆಗೆ ಪಂಡಿತ ಧೈರ್ಯ ಮಾಡಿ ತಾನೇ ಸ್ಕ್ರೂ ಡ್ರೈವರ್ ಹಿಡಿದ. ಹಿಡಿಯಲು ಬಾರದವನ ಕೈ. ಮೊದಲ ತಿರುವಿಗೇ ಜಾರಿ, ಹೊಸ ಬಣ್ಣದ ಮೇಲೆ ಕರ್ರೆಂದು ಗೆರೆ ಎಳೆಯಿತು. ಎಳೆಯುತ್ತಿದ್ದ ಹಾಗೇ ದೀಪ ಧಗ್ಗನೆ ಹತ್ತಿತು.

ವಿಷಯ ಇಷ್ಟೇ. ಬಲ್ಬಿಗೆ ಹೋದ ಕರೆಂಟು ಕಾರಿನ ತಗಡಿನ ಮೂಲಕವೇ ವಾಪಸು ಹೋಗಬೇಕು. ಲೋಹಕ್ಕೆ ಲೋಹ ತಾಗಬೇಕಾದ ಜಾಗಕ್ಕೆಲ್ಲ ಮಾವ ಪ್ರೀತಿಯಿಂದ ಮೂರು ಪದರ ಬಣ್ಣ ಬಳಿಸಿ ದಾರಿಗೆ ಗೋಡೆ ಕಟ್ಟಿಸಿದ್ದ. ಪ್ರತಿದಿನ ಕೌಂಟರಿನ ಹಿಂದೆ ನಿಂತು, ಬಲ್ಬಿನ ಬುಡ ತಗಡಿಗೆ ಸರಿಯಾಗಿ ತಾಗಿದೆಯಾ ನೋಡ್ಕೊಳ್ಳಿ ಎಂದು ಕಂಡಕಂಡ ಗಿರಾಕಿಗೆಲ್ಲ ಉಪದೇಶ ಮಾಡುವ ಪಂಡಿತನಿಗೆ ಅದು ಸ್ವಂತ ಮನೆಯಲ್ಲಿ ಹೊಳೆದಿರಲಿಲ್ಲ. ಮಾವನೋ, ಉರಿಯುತ್ತಿದ್ದ ದೀಪವನ್ನು ನೋಡಲೇ ಇಲ್ಲ. ಗೀರಿನ ಮೇಲೆ ಬೆರಳಾಡಿಸುತ್ತ, ಸಾವಿನ ಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ, “ಏನೋ ಮಾಡಿಬಿಟ್ಟೆಯಲ್ಲೋ ಇದಕ್ಕೆ,” ಎಂದ.

ಮಾವ ಇಷ್ಟು ಹೆದರುತ್ತಿದ್ದದ್ದು ಹಳೆ ಕಾರುಗಳ ಸಂಘಕ್ಕೆ. ಅದರ ಅಧ್ಯಕ್ಷರು ನಿವೃತ್ತ ದಂತವೈದ್ಯರು. ವರ್ಷಕ್ಕೊಮ್ಮೆ ಕಾರುಗಳನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಅತ್ಯಂತ ಒರಿಜಿನಲ್ ಕಾರಿಗೆ ಟ್ರೋಫಿ ಕೊಡುವ ಪದ್ಧತಿ. ತೀರ್ಪುಗಾರರೂ ಇವರೇ. ಮುಖ ಪೂರ್ತಿ ಮುಚ್ಚುವ ಗಂಭೀರತೆಯಿಂದ ನೆಲಕ್ಕೆ ಬಗ್ಗಿ, ಹಿಂದೆ ಜನರ ಬಾಯೊಳಗೆ ಆಡಿಸುತ್ತಿದ್ದ ಅದೇ ಪುಟ್ಟ ಕನ್ನಡಿಯನ್ನು ಬಂಪರಿನ ಕೆಳಗೆ ತೂರಿಸಿ, ಹುಳುಕು ಹುಡುಕುತ್ತಿದ್ದರು. ಹೊಸ ನಟ್ಟು ಸಿಕ್ಕರೆ ನಾಲಿಗೆ ಲೊಚಗುಟ್ಟುವರು. ಸುತ್ತ ನಿಂತ ಸದಸ್ಯರೂ ಲೊಚಗುಟ್ಟುವರು. ಈ ಕಾರುಗಳಲ್ಲಿ ಮುಕ್ಕಾಲು ಪಾಲು ಮೈದಾನಕ್ಕೆ ಬರುತ್ತಿದ್ದದ್ದು ಲಾರಿಯ ಮೇಲೆ ಮಲಗಿ, ಹಗಲು ಹೊತ್ತಿನಲ್ಲಿ. ಕಾರನ್ನು ಕೆಲಸಕ್ಕೆ ಓಡಿಸುವವನು ಇಡೀ ಸಂಘದಲ್ಲಿ ಮಾವ ಒಬ್ಬನೇ, ಮತ್ತು ಅದನ್ನು ಅವನ ದೌರ್ಬಲ್ಯವೆಂದೇ ಅಲ್ಲಿ ಭಾವಿಸಲಾಗಿತ್ತು. ಹಾಗಿದ್ದೂ ಈ ವರ್ಷ ಟ್ರೋಫಿ ಅವನಿಗೇ ಎಂದು ಅಧ್ಯಕ್ಷರು ಬಾಯಿಬಿಟ್ಟು ಹೇಳಿದ್ದರು.

ಗೀರಿನ ದುಃಖ ಆರಿದ ಮೇಲೆ ಮಾವ ದೀಪವನ್ನು ಒಂದು ಸಲ ಸರಿಯಾಗಿ ನೋಡಿದ. ಬಣ್ಣ ಕೆರೆದು ಕೂರಿಸಿದರೂ ಅದು ಮತ್ತೆ ಸಿಗರೇಟೇ. ಹೊಸ ಸಿಗರೇಟು, ಅಷ್ಟೆ. ಬಲ್ಬನ್ನೇ ಬದಲಿಸದೆ ಗತಿಯಿಲ್ಲ ಎಂದ ಪಂಡಿತ. ಈಗಿನ ಎಲ್‌ಇಡಿ ಬಲ್ಬು ಹಳೆಯ ಬುಡಕ್ಕೇ ಕೂರುತ್ತದೆ, ಹೊರಗಿನ ಗಾಜು ಹಾಗೇ ಇರುತ್ತದೆ, ಆರಿಸಿದಾಗ ಯಾವ ಕನ್ನಡಿಗೂ ಗೊತ್ತಾಗುವುದಿಲ್ಲ ಎಂದು ಕಿವಿಯಲ್ಲಿ ಊದಿದ. ಗೊತ್ತಾಗುವುದಿಲ್ಲ ಎಂಬ ಮಾತಿಗೆ ಮಾವ ಕರಗಿದ.

ಪಂಡಿತ ಅಂಗಡಿಯಿಂದ ತಂದದ್ದು ಬಿಳಿ ಎಲ್‌ಇಡಿ. ಬಿಳಿಯೇ ಯಾಕೆಂದರೆ ಬಿಳಿಯೇ ಎಲ್ಲಕ್ಕಿಂತ ಪ್ರಖರ; ಇದು ಅವನ ತರ್ಕ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಬರುವುದು ಕೆಂಪಲ್ಲ, ತೊಳೆದು ತೊಳೆದು ಬಣ್ಣ ಬಿಟ್ಟ ರವಿಕೆಯಂಥ ಒಂದು ಗುಲಾಬಿ ಎಂಬುದು ಹಾಕಿದ ಮೇಲೆ ಗೊತ್ತಾಯಿತು. ಟ್ರೋಫಿಯ ಮುನ್ನ ಒಂದು ಸಲ ಕಾರು ನೋಡಿಹೋಗಲು ಅದೇ ಹೊತ್ತಿಗೆ ಬಂದಿದ್ದ ಅಧ್ಯಕ್ಷರು, ಒಸಡಿನ ಬಣ್ಣ ಎಂದರು. ಆರೋಗ್ಯವಂತ ಒಸಡು ಎಂದೂ ಸೇರಿಸಿದರು. ಅವರು ಜೀವನದಲ್ಲಿ ಮಾಡಿದ ಏಕೈಕ ಹಾಸ್ಯ ಅದೇ ಇರಬೇಕು. ಆಮೇಲೆ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿಕೊಂಡು ಓಡಾಡಿದರು.

ಹಿಂದಿನ ಒಸಡು ಮಾವನ ಮಾನ ಕಳೆದಿತ್ತು. ಪಂಡಿತ ಬಿಳಿಯವನ್ನು ವಾಪಸು ಕೊಟ್ಟು, ಕೆಂಪು ಗಾಜಿಗೆ ಕೆಂಪೇ ಸರಿ ಎಂದು ತಾನೇ ಕಂಡುಹಿಡಿದವನಂತೆ ಸಾರಿ, ಅಂಗಡಿಯಲ್ಲಿದ್ದುದರಲ್ಲೇ ಅತಿ ಪ್ರಖರವಾದ ಕೆಂಪು ಎಲ್‌ಇಡಿ ತಂದ. ಶೆಡ್ಡಿನ ಬಾಗಿಲು ಮುಚ್ಚಿ ಹಚ್ಚಿದರು. ಗೋಡೆ, ಸೂರು, ಮಾವನ ಬಕ್ಕತಲೆ, ಎಲ್ಲ ಕೆಂಪಾಯಿತು. ಇಬ್ಬರೂ ಕಾರಿನ ಹಿಂದೆ ಮಂಡಿಯೂರಿ, ಮೂಗಿಗೆ ತಾಗುವಷ್ಟು ಹತ್ತಿರದಿಂದ ಆ ಬೆಳಕನ್ನು ನೋಡಿ ಕಣ್ಣು ಉಜ್ಜಿಕೊಂಡರು. ಪಂಡಿತನ ಎದೆ ಅಂಗಿಯ ಹೊಲಿಗೆ ಬಿಡುವಷ್ಟು ಉಬ್ಬಿತು. ಚಂದ್ರನ ಮೇಲಿಂದ ನೋಡಿದರೂ ಕಾಣುತ್ತದೆ ಎಂದ. ಅತ್ತೆಯನ್ನು ಕರೆದು ತೋರಿಸುವುದೆಂದು ತೀರ್ಮಾನವಾಯಿತು.

ರಜೆಯ ದಿನ, ಮುಸ್ಸಂಜೆ. ಅಧ್ಯಕ್ಷರೂ ತಮ್ಮ ಕಾರು ಹತ್ತಿ ಬಂದಿದ್ದರು. ಮಾವನೂ ಪಂಡಿತನೂ ಮೂಲರೂಪ ಕೆಡಿಸುವುದನ್ನು ತಡೆಯುವುದು ತಮ್ಮ ಕರ್ತವ್ಯವೆಂದು ಅವರ ಅಂಬೋಣ. ಮಾವ ಕಾರನ್ನು ಬೀದಿಗಿಳಿಸಿ, ಅತ್ತೆಗೆ ಹತ್ತಿರ ಬಂದು ನೋಡು ಎಂದ. ಅತ್ತೆ ಹತ್ತಿರ ಬರಲಿಲ್ಲ. ಕತ್ತಿನ ಪಟ್ಟಿ ಸರಿಮಾಡಿಕೊಂಡು, ಫೋನು ಹಿಡಿದು, ಎದುರು ದಿಕ್ಕಿಗೆ ನಡೆಯತೊಡಗಿದಳು. ಎಲ್ಲಿಗೆ ಎಂದರೆ, ಲಾರಿಯವನು ಇರುವ ಜಾಗಕ್ಕೆ ಎಂದಳು. ಬೀದಿಯ ತುತ್ತತುದಿಯ ಬಸ್ ನಿಲ್ದಾಣದವರೆಗೂ ಹೋಗಿ, ಅಲ್ಲಿನ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತಳು. ಲಾರಿಯವನು ಎತ್ತರದಲ್ಲಿ ಕೂತಿರುತ್ತಾನಲ್ಲ. ಇಷ್ಟು ದಿನ ಈ ದೀಪಕ್ಕೆ ತಲೆ ಕೆಡಿಸಿಕೊಂಡ ಗಂಡಸರಲ್ಲಿ ಒಬ್ಬನೂ ಅಷ್ಟು ದೂರ ಹೋಗಿ ನಿಂತಿರಲಿಲ್ಲ. ಎಲ್ಲರೂ ನೋಡಿದ್ದು ಮಂಡಿಯೂರಿಯೇ.

ಮಾವ ಚಾಲಕನ ಸೀಟಿನಲ್ಲಿ ಕೂತ. ಪಂಡಿತ ಫೋನು ಕಿವಿಗಿಟ್ಟುಕೊಂಡು ಪಕ್ಕದಲ್ಲಿ ನಿಂತ.

“ಹಚ್ಚಿದೀವಿ ಅತ್ತೆ.”

“ಕಾಣ್ತಿದೆ. ಚೆನ್ನಾಗೇ ಕಾಣ್ತಿದೆ.” ಪಂಡಿತ ಅಧ್ಯಕ್ಷರ ಕಡೆ ನೋಡಿ ಹುಬ್ಬು ಹಾರಿಸಿದ. “ಈಗ ಬ್ರೇಕ್ ಒತ್ತಕ್ಕೆ ಹೇಳು.”

ಮಾವ ಒತ್ತಿದ.

“ಒತ್ತಕ್ಕೆ ಹೇಳಪ್ಪಾ ಅಂದೆ.”

“ಒತ್ತಿದಾನೆ ಅತ್ತೆ.”

“ಹಾಗಾದ್ರೆ ಬಿಡಕ್ಕೆ ಹೇಳು.”

“ಬಿಟ್ಟ.”

“ಯಾವಾಗ?”

ಮತ್ತೆ ಒತ್ತಿಸಿದಳು, ಮತ್ತೆ ಬಿಡಿಸಿದಳು. ಪಂಡಿತ ಓಡಿ ಕಾರಿನ ಹಿಂದೆ ಹೋಗಿ ನೋಡಿದ. ಒತ್ತಿದರೂ ಬಿಟ್ಟರೂ ಬೆಳಕು ಒಂದೇ. ಅವನು ತಂದ ಬಲ್ಬಿಗೆ ಇದ್ದದ್ದು ಒಂದೇ ಪ್ರಮಾಣದ ಬೆಳಕು. ಮಂದವಾಗಿ ಉರಿದು ಬ್ರೇಕ್ ಒತ್ತಿದಾಗ ಪ್ರಖರವಾಗುವ ಬೇರೆ ಬಲ್ಬು ಇರುತ್ತದೆ. ಅಂಗಡಿಯಲ್ಲಿ ಅದರ ಪಕ್ಕದ ಖಾನೆಯಲ್ಲೇ ಇರುತ್ತದೆ. ಬೇರೆಯವರಿಗೆ ಅದನ್ನು ಕೊಟ್ಟೂ ಇದ್ದಾನೆ. ಪ್ರಖರ ಎಂಬ ಒಂದೇ ಮಾತಿಗೆ ಜೊಲ್ಲು ಸುರಿಸಿ ಇದನ್ನು ಹೊತ್ತು ತಂದಿದ್ದ. ಫೋನಿನಲ್ಲಿ ಅತ್ತೆಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ಕಾರು ಇದೆ ಅಂತ ಗೊತ್ತಾಗತ್ತೆ ಪಂಡಿತ. ನಿಲ್ತಿದೆ ಅಂತ ಗೊತ್ತಾಗಲ್ಲ. ಮೊದ್ಲು ನೋಡದೆ ಗುದ್ದುತಿದ್ರು. ಇನ್ಮೇಲೆ ನೋಡ್ಕೊಂಡೇ ಗುದ್ದುತಾರೆ.”

ಅಧ್ಯಕ್ಷರಿಗೆ ಹಿಡಿಸಲಾರದಷ್ಟು ಖುಷಿ. ಇದಕ್ಕೇ ತಾವು ಹೇಳುವುದು, ಕಂಪನಿಯವರು ಮಾಡಿದ್ದನ್ನು ಮುಟ್ಟಬಾರದು, ಅವರೇನು ದಡ್ಡರೇ, ಎಂದೆಲ್ಲ ಶುರುಮಾಡಿದರು. ತಮ್ಮ ಕಾರನ್ನೇ ಪಕ್ಕಕ್ಕೆ ತಂದು ನಿಲ್ಲಿಸಿ, ಒರಿಜಿನಲ್ ದೀಪ ಹೇಗಿರುತ್ತದೆ ಎಂದು ಆಕೆಯೂ ನೋಡಲಿ ಎಂದು ಕೂತರು. ಸ್ವಲ್ಪ ಹೊತ್ತು ಹೋಯಿತು. ಪಂಡಿತನ ಫೋನಿನಲ್ಲಿ ಅತ್ತೆ ಕೇಳಿದಳು: “ಡಾಕ್ಟ್ರು ಯಾವಾಗ ಹಚ್ಚುತಾರಂತೆ? ನನಗೆ ನಿಂತು ನಿಂತು ಕಾಲು ನೋಯ್ತಿದೆ.”

ಹಚ್ಚಿ ಆಗಲೇ ಬಹಳ ಹೊತ್ತಾಗಿತ್ತು. ಬ್ರೇಕನ್ನೂ ಒತ್ತಿಯೇ ಕೂತಿದ್ದರು. ಪಂಡಿತ ಅದನ್ನು ಹೇಳಿದಾಗ ಅಧ್ಯಕ್ಷರು ಇನ್ನೂ ಸರಿಯಾಗಿ ಕತ್ತಲಾಗಿಲ್ಲ ಎಂದರು. ಆಮೇಲೆ ಮನೆಯವರ ಕಣ್ಣು ಒಮ್ಮೆ ತೋರಿಸಿ ಎಂದರು. ಆಮೇಲೆ, ಸಭ್ಯ ಜನ ಈ ಕಾರುಗಳನ್ನು ಕತ್ತಲಲ್ಲಿ ಓಡಿಸುವುದೇ ಇಲ್ಲ ಎಂದರು. ಇಂಥ ಮನುಷ್ಯನ ಎದುರು ಹುಬ್ಬು ಹಾರಿಸಿದ್ದನಲ್ಲ ಎಂದು ತನ್ನ ಹುಬ್ಬಿನ ಮೇಲೇ ಪಂಡಿತನಿಗೆ ಜಿಗುಪ್ಸೆ ಹುಟ್ಟಿತು.

ಮಾವ ಅಷ್ಟರಲ್ಲಿ ಕಾರಿನಿಂದ ಇಳಿದಿದ್ದ. ಪಂಡಿತನಿಗೆ ಸೀಟು ಬಿಟ್ಟು, ಬ್ರೇಕ್ ಒತ್ತಿ ಬಿಡುತ್ತಿರು ಎಂದಷ್ಟೇ ಹೇಳಿ, ಅತ್ತೆ ಹೋದ ದಾರಿಯಲ್ಲೇ ನಡೆದ. ಪಂಡಿತ ಒತ್ತಿದ, ಬಿಟ್ಟ, ಒತ್ತಿದ. ಫೋನಿನ ಕರೆ ಹಾಗೇ ಇತ್ತು. ಅದನ್ನು ಮುಗಿಸುವುದು ಅತ್ತೆಗೆ ನೆನಪಾಗಿರಲಿಲ್ಲ, ಪಂಡಿತನಿಗೆ ಮನಸ್ಸಾಗಲಿಲ್ಲ. ಮೊದಲು ಮಾವನ ಏದುಸಿರು ಕೇಳಿಸಿತು. ಆಮೇಲೆ ಬೆಂಚು ಹತ್ತುವ ಸದ್ದು.

“ಒತ್ತುತಾ ಇದಾನಾ ಅವನು?” ಮಾವನ ದನಿ.

“ಒತ್ತುತಾ ಇರ್ತಾನೆ. ಹೇಳಿದ ಮಾತು ಕೇಳೋ ಹುಡುಗ.”

“ಡಾಕ್ಟ್ರ ಕಾರು ಎಲ್ಲಿ?”

“ಪಕ್ಕದಲ್ಲೇ ಇದೆ.”

ಆಮೇಲೆ ಅತ್ತೆ, ನಾಳೆ ಏನು ಅಡುಗೆ ಎಂದು ಹೇಳುವಷ್ಟೇ ಸಾಧಾರಣವಾಗಿ ಮಾತಾಡಿದಳು.

“ದಿನಾ ನನ್ನ ಕೈಗೆ ಬರೋ ಚಾದರದಲ್ಲಿ ಹೀಗೆ ಗುದ್ದಿಸಿಕೊಂಡವರದ್ದೂ ಇರತ್ತೆ ರೀ. ರಕ್ತ ಆಗಿರೋದನ್ನ ಬಿಸಿನೀರಿಗೆ ಹಾಕಕ್ಕಾಗಲ್ಲ, ಕಲೆ ಕೂತ್ಬಿಡತ್ತೆ. ತಣ್ಣೀರಲ್ಲಿ ನೆನೆಸಿ ಕೈಯಲ್ಲೇ ಉಜ್ಜಬೇಕು. ಯಾರದ್ದು ಅಂತ ನಾನು ಯಾವತ್ತೂ ಕೇಳಲ್ಲ. ನಿಮ್ಮದನ್ನ ಉಜ್ಜೋ ಶಕ್ತಿ ನನಗಿಲ್ಲ. ನನ್ನದನ್ನ ಉಜ್ಜೋಕೆ ನಿಮಗೆ ಬರಲ್ಲ.”

ಪಂಡಿತ ಫೋನು ಇಟ್ಟುಬಿಟ್ಟ. ಬ್ರೇಕು ಮಾತ್ರ ಒತ್ತುತ್ತಲೇ ಇದ್ದ.

ವಾಪಸು ಬಂದ ಮಾವ ಅಧ್ಯಕ್ಷರ ಜೊತೆ ವಾದಕ್ಕೆ ನಿಲ್ಲಲಿಲ್ಲ. ಅವರ ಕಾರಿನ ಹಿಂದಿನ ಗಾಜನ್ನು ಒಂದು ಸಲ ನೋಡಿ, ಮನೆಗೆ ಹೋಗುವಾಗ ನಿಧಾನ ಹೋಗಿ ಡಾಕ್ಟ್ರೇ ಎಂದ. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಅಧ್ಯಕ್ಷರಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಪಂಡಿತ ಮರುದಿನ ಪಕ್ಕದ ಖಾನೆಯ ಬಲ್ಬು ತಂದ. ಟೈಲ್ ಲೈಟಿಗೆ ಮಂದ, ಬ್ರೇಕಿಗೆ ಪ್ರಖರ. ಅತ್ತೆ ಮತ್ತೆ ಬೆಂಚು ಹತ್ತಿದಳು. ಪರವಾಗಿಲ್ಲ, ಆದರೆ ಸಾಲದು ಎಂದಳು. ಎರಡೂ ಬೆಳಕು ಅದೇ ಗುಂಡಿಯಷ್ಟು ಗಾಜಿನಿಂದ ಬರಬೇಕು, ಅದೂ ನೆಲಕ್ಕೆ ಅಂಟಿಕೊಂಡ ಹಾಗೆ; ಎತ್ತರದಲ್ಲಿ ಕೂತವನಿಗೆ ನಡುವೆ ಒಂದು ಸ್ಕೂಟರು ಬಂದರೂ ಮರೆಯಾಯಿತು. ಉಳಿದದ್ದು ಒಂದೇ ದಾರಿ. ಈಗಿನ ಕಾರುಗಳಿಗೆಲ್ಲ ಇರುವಂತೆ ಹಿಂದಿನ ಕಿಟಕಿಯ ಒಳಗೆ, ಬಂಪರಿಗಿಂತ ಮೇಲೆ, ಬ್ರೇಕಿಗೆಂದೇ ಬೇರೆ ಒಂದು ಉದ್ದನೆಯ ದೀಪ. ಅದನ್ನು ಕೂರಿಸಲು, ವೈರು ಎಳೆಯಲು, ಕಿಟಕಿಯ ಕೆಳಗಿನ ತಗಡಿಗೆ ತೂತು ಕೊರೆಯಬೇಕು. ಕಂಪನಿಯವರು ಮಾಡದ ತೂತು. ಮುಚ್ಚಿದರೂ ಹೋಗದ ತೂತು.

ಪಂಡಿತ ಇದನ್ನು ಹೇಳಲು ಧೈರ್ಯವಿಲ್ಲದೆ, ಅಂಟಿಸಬಹುದು, ಕಟ್ಟಬಹುದು, ಎಂದೆಲ್ಲ ತೊದಲಿದ. ಮಾವ ಪಕ್ಕದ ಬಡಗಿಯ ಹತ್ತಿರ ಹೋಗಿ ಡ್ರಿಲ್ಲು ಇಸಿದುಕೊಂಡು ಬಂದ. ಶೆಡ್ಡಿನ ದೀಪ ಹಾಕಿ, ಹಿಂದಿನ ಸೀಟು ಬಿಚ್ಚಿ, ಒಳಗೆ ತೂರಿಕೊಂಡು ಮಲಗಿದ. ಡ್ರಿಲ್ಲಿನ ಮೊನೆಯನ್ನು ತಗಡಿಗಿಟ್ಟು ಬಹಳ ಹೊತ್ತು ಹಾಗೇ ಇದ್ದ. ಹೊರಗೆ ನಿಂತ ಪಂಡಿತನಿಗೆ ಕಂಡದ್ದು ಅವನ ಎರಡು ಕಾಲು ಮಾತ್ರ. ಸವೆದ ಚಪ್ಪಲಿಯ ಹೆಬ್ಬೆರಳು ಸುಮ್ಮನೆ ಆಡುತ್ತಿತ್ತು.

“ನಾನು ಕೊರೀಲಾ ಮಾವ?”

“ನೀನು ಮುಟ್ಟಬೇಡ. ಕಾರು ಉಳಿಯೋದಿಲ್ಲ.”

ಆಮೇಲೆ ಡ್ರಿಲ್ಲು ಕಿರುಚಿತು. ತಗಡಿನ ಸುರುಳಿ ಚೂರುಗಳು ಅವನ ಬಕ್ಕತಲೆಯ ಮೇಲೆ, ಹುಬ್ಬಿನ ಮೇಲೆ ಬಿದ್ದವು. ತೂತಿನ ಅಂಚಿಗೆ ಬಣ್ಣ ಹಚ್ಚಲಾ ಎಂದು ಪಂಡಿತ ಕೇಳಿದ. ಕೇಳಿದ್ದಕ್ಕೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯಲಾಗದು.

ಸಂಘದವರು ಮಾವನನ್ನು ಮೂಲರೂಪದ ವಿಭಾಗದಿಂದ ತೆಗೆದು, ಮಾರ್ಪಾಡಾದ ವಾಹನಗಳ ವಿಭಾಗಕ್ಕೆ ಹಾಕಿದರು. ಅಲ್ಲಿ ಬಾಗಿಲ ಮೇಲೆ ಬೆಂಕಿಯ ಚಿತ್ರ ಬರೆಸಿದವನೊಬ್ಬ, ಹಾರ್ನಿಗೆ ಕತ್ತೆಯ ಕೂಗು ಕೂರಿಸಿದವನೊಬ್ಬ ಇದ್ದರು. ಮಾವ ಅವರ ನಡುವೆ ಹೋಗಿ ಕಾರು ನಿಲ್ಲಿಸಿ, ಹಗಲಲ್ಲೇ ಬ್ರೇಕ್ ಒತ್ತಿ ತೋರಿಸಿ ಬಂದ. ಅಧ್ಯಕ್ಷರು ಆ ಸಾಲಿನ ಕಡೆ ಕನ್ನಡಿ ಹಿಡಿದುಕೊಂಡು ಬರಲೇ ಇಲ್ಲ. ಟ್ರೋಫಿ, ಎಂದೂ ಮಳೆ ಕಾಣದ, ಗಾಜಿನ ಕಪಾಟಿನಲ್ಲಿಟ್ಟ ಬೊಂಬೆಯಂಥ ಇನ್ಯಾವುದೋ ಕಾರಿಗೆ ಹೋಯಿತು. ಅದನ್ನು ಮೈದಾನದಿಂದ ಹೊರಗೆ ತರಲು ನಾಲ್ವರು ತಳ್ಳಬೇಕಾಯಿತು.

ಅತ್ತೆ ಮೂರನೆಯ ಸಲ ಬೆಂಚು ಹತ್ತಿದ ದಿನ, ನಿಂತದ್ದು ಗೊತ್ತಾಯಿತು ಎಂದಳು, ಇಳಿದು ಬಂದಳು. ಮರುದಿನ ಬೆಳಗಿನ ಜಾವ ಬಸ್ಸಿಗೆಂದು ಇಟ್ಟಿದ್ದ ಚಿಲ್ಲರೆಯನ್ನು ಡಬ್ಬಿಗೆ ವಾಪಸು ಹಾಕಿ, ಬಂದು ಮುಂದಿನ ಸೀಟಿನಲ್ಲಿ ಕೂತಳು.

ಮಂಜು ಎಂದಿನಂತೆಯೇ ದಟ್ಟವಾಗಿತ್ತು. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಮಾವ ಬ್ರೇಕ್ ಒತ್ತಿದ. ಹಿಂದಿನ ಸೀಟಿನಲ್ಲಿದ್ದ ಪಂಡಿತನ ಕುತ್ತಿಗೆ, ಅಂಗಿ, ಸೂರು ಎಲ್ಲ ಕೆಂಪಾದವು. ಹಿಂದೆ ಬರುತ್ತಿದ್ದ ಲಾರಿ ದೂರದಲ್ಲೇ ವೇಗ ಇಳಿಸಿ, ಇವರಿಗೂ ಅದಕ್ಕೂ ನಡುವೆ ಇನ್ನೊಂದು ಕಾರು ನಿಲ್ಲುವಷ್ಟು ಜಾಗ ಬಿಟ್ಟು, ಉಸ್ಸೆಂದು ನಿಂತಿತು. ಈ ಬಗ್ಗೆ ಅತ್ತೆ ಏನಾದರೂ ಹೇಳಬಹುದೆಂದು ಮಾವ ಕಾದ. ಪಂಡಿತನೂ ಕಾದ, ತನ್ನ ಬಲ್ಬಿಗೂ ಒಂದು ಮಾತು ಸಿಕ್ಕರೂ ಸಿಗಬಹುದೆಂಬ ಆಸೆ ಇನ್ನೂ ಸತ್ತಿರಲಿಲ್ಲ.

ಅತ್ತೆಯ ಗಲ್ಲ ಕತ್ತಿನ ಪಟ್ಟಿಯ ಮೇಲೆ ಕೂತು, ಬಾಯಿ ಸ್ವಲ್ಪ ತೆರೆದಿತ್ತು. ಇಷ್ಟು ವರ್ಷ ಆ ಕಾರಿನಲ್ಲಿ ದಾರಿಯುದ್ದಕ್ಕೂ ಬಾಗಿಲ ಹಿಡಿಕೆ ಬಿಗಿಹಿಡಿದು ಕೂರುತ್ತಿದ್ದವಳು, ಸಿಗ್ನಲ್ಲು ಹಸಿರಾಗುವ ಮೊದಲೇ ನಿದ್ದೆ ಹೋಗಿದ್ದಳು.

“ನೋಡೋ ಇವಳನ್ನ,” ಮಾವ ದನಿ ತಗ್ಗಿಸಿ ದೂರಿದ. “ಇಂಥ ಒರಿಜಿನಲ್ ಎಂಜಿನ್ ಸದ್ದು ಎಲ್ಲಿ ಸಿಗತ್ತೆ ಈಗ? ಗೊರಕೆ ಹೊಡೀತಾಳೆ.”

ಹಾಗೆಂದವನು, ಆಸ್ಪತ್ರೆಯ ಗೇಟು ಬರುವವರೆಗೆ ಒಂದು ಗುಂಡಿಗೂ ಚಕ್ರ ಇಳಿಸಲಿಲ್ಲ.